ಕೂಲರಿನ ಮುಂದಿನ ಜಾಗ

ಹಾಲ್‌ನಲ್ಲಿ ಟಕ್ ಎಂದಿತು. ಅಷ್ಟು ಹೊತ್ತು ಕಿರುಗುಟ್ಟುತ್ತಿದ್ದ ಕಂಪ್ಯೂಟರಿನ ಫ್ಯಾನು ಅದರೊಂದಿಗೇ ನಿಂತಿತು. ನಡುರಾತ್ರಿ ಕಳೆದು ಬಹಳ ಹೊತ್ತಾಗಿತ್ತು. ಚಾರುಲತಾ ಹಾಸಿಗೆಯಲ್ಲಿ ಎದ್ದು ಕೂತು ಕಿವಿಗೊಟ್ಟಳು.

"ಪುನ್ಹಾ ಬಂದ್ ಪಡ್ಲಾ," ಎಂದು ಮಗಳು ಧನಶ್ರೀ ಹೆಡ್‌ಫೋನಿನ ಆಚೆ ಇದ್ದವರಿಗೆ ಮರಾಠಿಯಲ್ಲಿ ಪಿಸುಗುಡುತ್ತಿದ್ದಳು. ಆಚೆ ಯಾರೂ ಇಲ್ಲ ಎಂದು ಅವಳಿಗೆ ಆಮೇಲೆ ನೆನಪಾಗಿರಬೇಕು. ಹೆಡ್‌ಫೋನ್ ಮೇಜಿನ ಮೇಲೆ ಬಿದ್ದ ಸದ್ದಾಯಿತು.

"ಮತ್ತ ಬಂದ್ ಬಿತ್ತೇನು?" ಪಕ್ಕದಲ್ಲಿ ಗಂಡ ಲಕ್ಷ್ಮೀಕಾಂತ ಕಣ್ಣು ತೆರೆಯದೆ ಕೇಳಿದ.

"ಹೂಂನ್ರಿ."

"ಛಲೋ ಆತು. ಇನ್ನರ ಮಲಗಲಿ."

ಚಾರುಲತಾಗೆ ನಿದ್ದೆ ಬರಲಿಲ್ಲ. ಮಗಳು ಯಂತ್ರವನ್ನು ಮತ್ತೆ ಶುರುಮಾಡುವುದನ್ನು ಕಾದಳು. ಅದು ಶುರುವಾಗಲಿಲ್ಲ.

ಧನಶ್ರೀ ಬಿ.ಎಸ್‌ಸಿ. ಎರಡನೆಯ ವರ್ಷದ ಪರೀಕ್ಷೆ ಬರೆದು ರಜೆಯಲ್ಲಿದ್ದಳು. ಐದೈದು ಜನರ ಎರಡು ತಂಡಗಳು ಇಂಟರ್‌ನೆಟ್ಟಿನಲ್ಲಿ ಒಂದನ್ನೊಂದು ಬೆನ್ನಟ್ಟಿ ಗುಂಡು ಹಾರಿಸುವ ಆಟವೊಂದರಲ್ಲಿ ಅವಳ ಕೈ ಪಳಗಿತ್ತು. ತಂಡದ ಉಳಿದ ನಾಲ್ವರೂ ಹುಡುಗರು. ನಾಯಕ ಸದರ್ ಬಡಾವಣೆಯ ಅಮೇಯ. ರಾತ್ರಿ ಎರಡರಿಂದ ಬೆಳಗಿನ ಎಂಟರವರೆಗೆ ಬ್ರಾಡ್‌ಬ್ಯಾಂಡಿಗೆ ಬೇರೆ ಬಿಲ್ ಬೀಳುತ್ತಿರಲಿಲ್ಲವಾದ್ದರಿಂದ ಎಲ್ಲರೂ ಆಡುವುದು ಆ ಹೊತ್ತಿನಲ್ಲೇ. ಸೈಬರ್ ಕೆಫೆಗಳ ಬಾಗಿಲು ಆಗ ಮುಚ್ಚಿರುತ್ತಿತ್ತು. ಜೂನ್ ತಿಂಗಳ ಮೊದಲ ಭಾನುವಾರ ನಸುಕಿನಲ್ಲಿ ಒಂದು ಮುಖ್ಯ ಪಂದ್ಯವಿತ್ತು. ಗೆದ್ದ ತಂಡ ಪುಣೆಗೆ ಹೋಗಿ ಆಡುವುದು. ನಡುವೆ ಕಂಪ್ಯೂಟರ್ ಬಂದ್ ಬೀಳುವ ಹುಡುಗಿಯನ್ನು ಯಾವ ನಾಯಕ ಇಟ್ಟುಕೊಂಡಾನು? ಚಂದನ್ ಎಂಬ ಇನ್ನೊಬ್ಬ ಹುಡುಗ ಅವಳ ಜಾಗಕ್ಕೆ ಕಾದು ಕೂತಿದ್ದ.

ಮೊದಲು ಕಂಪ್ಯೂಟರ್ ಅವಳ ಕೋಣೆಯಲ್ಲೇ ಇತ್ತು. ಏಪ್ರಿಲ್‌ನಲ್ಲಿ ನಾಗಪುರದ ಧರಮಪೇಠದ ಆ ಎರಡನೆಯ ಮಹಡಿಯ ಮನೆ ಕಾದ ಹಂಚಿನಂತಾದಾಗ ಆಟ ತಡೆತಡೆದು ಸಾಗತೊಡಗಿತು. "ಗರಮ್ ಆಗ್ಲಿಕತ್ತದ, ಅದಕ್ಕ," ಎಂದು ಅವಳು ಮೇಜು ಸಮೇತ ಅದನ್ನು ಹಾಲ್‌ಗೆ ಎಳೆದು ತಂದು ಕೂಲರಿನ ಮುಂದೆ ಇಟ್ಟಳು.

ಕೂಲರಿನ ಮುಂದಿನ ಜಾಗ ಅಜ್ಜಿ ಗಂಗೂಬಾಯಿಯದು. ಅವರು ಲಕ್ಷಬತ್ತಿ ಹಿಡಿದಿದ್ದರು. ಕಾರ್ತಿಕದಲ್ಲಿ ದೇವರ ಮುಂದೆ ಹಚ್ಚಲು ಲಕ್ಷ ಬತ್ತಿ, ಎಲ್ಲ ತಮ್ಮ ಬೆರಳಿನಿಂದಲೇ ಹೊಸೆದದ್ದು. ಅಂಗಡಿಯ ಪೊಟ್ಟಣದ ಅರಳೆ ಅವರಿಗೆ ನಡೆಯದು. ಕೆಳಗಿನ ಮನೆಯ ಬೇಬಿಬಾಯಿ ಕಾಟೋಲ ಊರಿನ ಕಡೆ ಇದ್ದ ತನ್ನ ಹೊಲದಿಂದ ಚೀಲದಲ್ಲಿ ಹತ್ತಿ ತರಿಸಿ ಕೊಡುತ್ತಿದ್ದಳು. ಅಜ್ಜಿ ಅದರ ಬೀಜ ಬಿಡಿಸಿ, ಎಳೆ ಹಿಂಜಿ, ಬೆರಳಿಗೆ ವಿಭೂತಿ ಹಚ್ಚಿಕೊಂಡು ಹೊಸೆಯುವರು. ಹನ್ನೆರಡನೆಯ ಇಯತ್ತೆಯ ಪರೀಕ್ಷೆಗೆ ಮುಂಚೆ ಧನಶ್ರೀ ವಿಷಮಜ್ವರದಿಂದ ಮಲಗಿದಾಗ ಹೊತ್ತ ಹರಕೆ ಅದು. ಹುಡುಗಿ ಎದ್ದು ಪರೀಕ್ಷೆ ಬರೆದು ಪಾಸಾಗಿದ್ದಳು.

"ಧನೂ, ನಿನ್ನ ಡಬ್ಬಿ ಜರಾ ಆ ಕಡೆ ಸರಸು. ಗಾಳಿ ಎಲ್ಲಾ ಅದ ಕುಡೀತದ," ಎಂದರು ಗಂಗೂಬಾಯಿ.

"ಅಜ್ಜಿ, ಅದಕ್ಕೂ ಸೆಕಿ ಆಗ್ತದ."

"ನನಗ ಎಪ್ಪತ್ತಾರು. ಅದಕ್ಕೆಷ್ಟು ವರ್ಷ?"

"ಎರಡು."

"ಹಂಗಾದ್ರ ಕೂಸು. ಇರಲಿ ಬಿಡು."

ಹೀಗೆ ಇಬ್ಬರೂ ಆ ಜಾಗವನ್ನು ಹಂಚಿಕೊಂಡರು. ಮಧ್ಯಾಹ್ನವೆಲ್ಲ ಕೂಲರಿನ ಗಾಳಿಗೆ ಹತ್ತಿಯ ನವಿರು ತೇಲಾಡುತ್ತಿತ್ತು. ಚಾರುಲತಾ ಒಣಹಾಕಿದ ಸಂಡಿಗೆಯ ಮೇಲೆ, ಲಕ್ಷ್ಮೀಕಾಂತನ ಕನ್ನಡಕದ ಮೇಲೆ, ಒಂದು ದಿನ ಸೀಕರಣಿಯ ಪಾತ್ರೆಯಲ್ಲೂ ಅದು ಸಿಕ್ಕಿತು.

"ಮಾವಿನಹಣ್ಣಿಗೆ ಗಡ್ಡ ಬಂದದ," ಎಂದ ಲಕ್ಷ್ಮೀಕಾಂತ, ಚಮಚೆಯ ತುದಿಯಿಂದ ಎಳೆಯನ್ನು ಎತ್ತುತ್ತ.

"ದೇವರ ಹತ್ತಿ. ನುಂಗಿದ್ರೂ ಪುಣ್ಯನ ಬರ್ತದ," ಎಂದರು ಅವನ ತಾಯಿ ಗಂಗೂಬಾಯಿ.

ಮೇ ತಿಂಗಳು ನಡೆದಂತೆ ಯಂತ್ರ ಇನ್ನಷ್ಟು ಕೆಟ್ಟಿತು. ಮೊದಲು ಒಂದು ಗಂಟೆ ಆಡಬಹುದಿತ್ತು. ಆಮೇಲೆ ಅರ್ಧ ಗಂಟೆಗೇ ಚಿತ್ರ ಹೆಜ್ಜೆಹೆಜ್ಜೆಗೆ ನಿಲ್ಲುವುದು, ಫ್ಯಾನು ಚೀರುವುದು, ಟಕ್. ಧನಶ್ರೀ ಬೇಡದ ಪ್ರೋಗ್ರಾಂಗಳನ್ನೆಲ್ಲ ತೆಗೆದಳು. ಆಟದ ಚಿತ್ರದ ನೆರಳು, ಹೊಗೆ, ಹುಲ್ಲು ಎಲ್ಲ ಕಡಿಮೆ ಮಾಡಿದಳು. ಫೋನಿನ ತಂತಿ ಎರಡಾಗಿ ಒಡೆಯುವಲ್ಲಿ ಇದ್ದ ಹಳೆಯ ಡಬ್ಬಿ ಬದಲಿಸಿದಳು. ಚಾರುಲತಾ ಬ್ಯಾಟರಿ ಹಿಡಿದು ನಿಂತಿರುತ್ತಿದ್ದಳು. ಅವಳಿಗೆ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಆದರೆ ಮಗಳು ಹಲ್ಲಿನಲ್ಲಿ ತಂತಿಯ ತುದಿ ಸುಲಿದು, ಮೇಜಿನ ಕೆಳಗಿನಿಂದಲೇ "ಆಯಿ, ಈಗ ಹಸಿರು ಲೈಟ್ ಬಂತೇನು?" ಎಂದು ಕೇಳುವಾಗ, ಬಂದಿರದಿದ್ದರೂ ಬಂತು ಅನ್ನಬೇಕು ಎನ್ನಿಸುವಷ್ಟು ಹೆಮ್ಮೆಯಾಗುತ್ತಿತ್ತು.

"ಬಂತು," ಅಂದಳು ಒಂದು ಸಲ.

"ಆಯಿ, ಸುಳ್ಳು ಹೇಳಬ್ಯಾಡ."

ಒಂದು ಸಂಜೆ ಲಕ್ಷ್ಮೀಕಾಂತ ಮಗಳನ್ನು ಸ್ಕೂಟರಿನ ಮೇಲೆ ಸೀತಾಬರ್ಡಿಯ ಕಂಪ್ಯೂಟರ್ ಅಂಗಡಿಗೆ ಕರೆದೊಯ್ದ. ಬಂದವನು ಅಂಗಿ ಬಿಚ್ಚುವ ಮೊದಲೇ ಹೆಂಡತಿಯ ಮುಂದೆ ದೂರು ಹೇಳಿದ.

"ನಿನ್ನ ಮಗಳನ್ನ ಇನ್ನ ಎಲ್ಲೂ ಕರಕೊಂಡು ಹೋಗೂದಿಲ್ಲ. ಅಂಗಡ್ಯಾಂವ ಒಂದು ಹೊಸ ಗ್ರಾಫಿಕ್ಸ್ ಕಾರ್ಡ್ ತೋರಿಸಿದ. ಇಕಿ ಅದನ್ನ ಹಿಂದ ಮುಂದ ತಿರುವಿ, 'ದಾದಾ, ಹೇ ಆಮಚ್ಯಾ ಮಶೀನ್‌ಮಧೇ ಬಸಣಾರಚ್ ನಾಹೀ,' ಅಂದ್ಲು. ನಮ್ಮ ಮಶೀನಿನ್ಯಾಗ ಅದು ಕೂಡೂದ ಇಲ್ಲಂತ. ಗಿರಾಕಿ ಮುಂದ ಅಂವಂದು ಮಾರಿ ನೋಡಬೇಕಿತ್ತು."

"ಖರೇನ ಕೂಡೂದಿಲ್ಲೇನ್ರಿ?"

"ಒಳಗ ಹೋಗಿ ಪುಸ್ತಕ ನೋಡಿ ಬಂದು, ಹೌದು ಅಂದ. ಆಮ್ಯಾಲ ನನ್ನ ಕಡೆ ಹೊಳ್ಳಿ, ನಿಮ್ಮ ಮಗಳೇನು ಸಾಹೇಬ್ರ, ಅಂತ ಕೇಳಿದ."

"ನೀವೇನಂದ್ರಿ?"

"ಹೌದು ಅಂದೆ. ಮತ್ತೇನನ್ಲಿ?" ಎಂದು ಲಕ್ಷ್ಮೀಕಾಂತ ಬಚ್ಚಲಿಗೆ ಹೋದ. ಮುಖ ತೊಳೆಯುತ್ತ ಏನೋ ಗುನುಗುತ್ತಿದ್ದ.

ಅಂಗಡಿಯವನು ಕಡೆಗೆ ಹೇಳಿದ್ದಿಷ್ಟು: ಯಂತ್ರವನ್ನು ಎಂಟು ದಿನ ಬಿಟ್ಟು ಹೋಗಿ, ನೋಡೋಣ. ಎಂಟು ದಿನವಿರಲಿಲ್ಲ.

ಪಂದ್ಯದ ವಾರ ಅಮೇಯನೇ ಫೋನ್ ಮಾಡಿದ. ಧನಶ್ರೀ ಸ್ನಾನಕ್ಕೆ ಹೋಗಿದ್ದಳು. "ಕಾಕೂ," ಎಂದು ಅವನು ಬಹಳ ಮರ್ಯಾದೆಯಿಂದ ಮರಾಠಿಯಲ್ಲಿ ಹೇಳಿದ. "ಅವಳಷ್ಟು ಚೆನ್ನಾಗಿ ಆಡುವವರು ನಮ್ಮಲ್ಲಿ ಇಲ್ಲ. ಆದರೆ ಶನಿವಾರದೊಳಗೆ ಪಿಸಿ ಸರಿಯಾಗದಿದ್ದರೆ ನಾನು ಚಂದನ್‌ಗೆ ಹೇಳಬೇಕಾಗುತ್ತದೆ. ಬಾಕಿ ಮೂವರ ವಿಚಾರವೂ ಇದೆಯಲ್ಲ." ಹುಡುಗನ ಮಾತಿನಲ್ಲಿ ತಪ್ಪಿರಲಿಲ್ಲ. ಚಾರುಲತಾ ಅದನ್ನು ಮಗಳಿಗೆ ಇದ್ದದ್ದು ಇದ್ದಹಾಗೆ ಹೇಳಿದಳು. ಧನಶ್ರೀ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಕೇಳಿ, "ಬರೋಬರ್ ಅದ ಅಂವಂದು," ಎಂದಳು. ಆ ದಿನ ಊಟಕ್ಕೆ ಏಳಲಿಲ್ಲ.

ಶುಕ್ರವಾರ ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ಅವಳು ಮಾತು ತೆಗೆದಳು.

"ಅಪ್ಪಾ, ಕ್ಯಾಬಿನೆಟ್ ಬಿಚ್ಚಬೇಕು."

ಲಕ್ಷ್ಮೀಕಾಂತ ಚಪಾತಿ ಮುರಿಯುತ್ತ, "ಬಿಚ್ಚೋ ಹಂಗಿಲ್ಲ. ಸೀಲ್ ಅದ," ಎಂದ. ಯಂತ್ರದ ಹಿಂಬದಿಗೆ ಅಂಗಡಿಯವನು ಅಂಟಿಸಿದ ಬೆರಳಗಲದ ಕಾಗದ ಅದು. ಲಕ್ಷ್ಮೀಕಾಂತ ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯಲ್ಲಿದ್ದ. ಅವನ ಪಾಲಿಗೆ ಸೀಲ್ ಎಂದರೆ ಸೀಲ್.

"ಮ್ಯಾಲಿಂದ ಮಾಡೋದೆಲ್ಲಾ ಮಾಡೀನಿ. ತಪ್ಪು ಒಳಗ ಅದ."

"ಒಳಗ ಅದ ಅಂತ ಹೆಂಗ ಗೊತ್ತು?"

"ಹೊರಗಿಲ್ಲಲ್ಲ, ಅದಕ್ಕ."

"ಸೀಲ್ ಹರದ್ರ ವಾರಂಟಿ ಹೋಗ್ತದ. ಇನ್ನೂ ಒಂದು ವರ್ಷ ಬಾಕಿ ಅದ. ನಾಳೆ ಒಳಗ ಏನರ ಸುಟ್ರ ಯಾರು ಬದಲಿ ಕೊಡ್ತಾರ?"

"ಹಂಗಂತ ವರ್ಷಗಟ್ಟಲೆ ಸೀಲ್ ಕಾಯ್ಕೋತ ಕೂಡ್ಲೇನು? ಮ್ಯಾಚ್ ನಾಡದು ಅದ."

"ಹಂಗಾದ್ರ ಮ್ಯಾಚ್ ಬಿಡು. ನಿದ್ದಿ ಇಲ್ಲ, ನೀರಡಿಕಿ ಇಲ್ಲ. ಏನೇನೋ ಅದರಾಗ ತುಂಬಿ ನೀನ ಕೆಡಿಸೀ."

"ನಾ ಕೆಡಿಸಿಲ್ಲ. ನನ್ನ ತಪ್ಪಿಲ್ಲ."

"ನಿಂದು ಎಂದರ ತಪ್ಪು ಇರ್ತದೇನವಾ?"

ಚಾರುಲತಾ ಸಾರು ಬಡಿಸುವ ನೆವದಲ್ಲಿ ನಡುವೆ ಬಂದಳು. ಗಂಡನ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಹುಟ್ಟಿದಾಗಿನಿಂದ ಈ ಹುಡುಗಿ 'ನನ್ನ ತಪ್ಪು' ಎಂದದ್ದನ್ನು ಅವಳು ಕೇಳಿರಲಿಲ್ಲ. ಆರು ವರ್ಷದವಳಿದ್ದಾಗ ಉಪ್ಪಿನಕಾಯಿ ಭರಣಿ ಒಡೆದು, ಹಲಗೆ ಓರೆಯಾಗಿದೆ ಎಂದು ವಾದಿಸಿದ್ದಳು. ಲಕ್ಷ್ಮೀಕಾಂತ ಗೋಲಿ ಇಟ್ಟು ನೋಡಿದ. ಗೋಲಿ ಉರುಳಿತು. ಆ ದಿನದಿಂದ ಅವಳನ್ನು ಹಿಡಿಯುವವರಿರಲಿಲ್ಲ.

"ಲಕ್ಷ್ಮೂ," ಎಂದರು ಗಂಗೂಬಾಯಿ. ಅಷ್ಟು ಹೊತ್ತು ಅವರು ಅನ್ನಕ್ಕೆ ಮಜ್ಜಿಗೆ ಕಲಸುತ್ತಿದ್ದರು. "ಆ ಡಬ್ಬಿ ಯಾರದು?"

"ನಮ್ದ ಅವ್ವಾ."

"ಹಂಗಾದ್ರ ಅಂಗಡ್ಯಾಂವನ ಚೀಟಿಗೆ ಯಾಕ ಅಂಜತಿ? ಬೀಸೋಕಲ್ಲು ಬಿಗೀ ಆದ್ರ ಮ್ಯಾಲಿನ ಕಲ್ಲು ಎತ್ತಿ ನೋಡತಿದ್ದಿಲ್ಲೇನು ನಾವು?"

"ಅವ್ವಾ, ಇದು ಬೀಸೋಕಲ್ಲಲ್ಲ."

"ಹೌದು ಬಿಡು. ಬೀಸೋಕಲ್ಲು ಹಿಂಗ ನಡುವ ಬಂದ್ ಬೀಳ್ತಿದ್ದಿಲ್ಲ."

ಧನಶ್ರೀ ನಕ್ಕಳು. ಆ ವಾರದಲ್ಲಿ ಅದೇ ಮೊದಲು. ಲಕ್ಷ್ಮೀಕಾಂತ ಕೈ ತೊಳೆಯಲು ಎದ್ದ.

ಶನಿವಾರ ಅವನಿಗೆ ರಜೆ. ಸ್ನಾನ, ಸಂಧ್ಯಾವಂದನೆ ಮುಗಿಸಿ, ವಾರಂಟಿ ಕಾರ್ಡನ್ನು ಇನ್ನೊಮ್ಮೆ ಓದಿ, ದಾಡಿಯ ಬ್ಲೇಡ್ ಹಿಡಿದು ಕಂಪ್ಯೂಟರಿನ ಹಿಂದೆ ಬಗ್ಗಿದ.

"ಅಪ್ಪಾ, ನಾ ಮಾಡ್ತೀನಿ," ಎಂದಳು ಧನಶ್ರೀ.

"ಬ್ಯಾಡ. ಹರಿಯೋದಿದ್ರ ನಾ ಹರೀತೀನಿ. ನಾಳೆ ಯಾರೂ ಹುಡುಗಿ ಹರದ್ಲು ಅನ್ನಬಾರದು." ಬ್ಲೇಡ್ ಆಡಿಸಿದ. ಕಾಗದ ಎರಡಾಯಿತು. ಅವನ ಮುಖ ನೋಡಿದರೆ ಕಚೇರಿಯ ಬೀಗವನ್ನೇ ಮುರಿದಂತಿತ್ತು. "ಆದ್ರ ಒಂದು ಮಾತು. ಏನಾಗಿತ್ತು ಅಂತ ನನಗ ಬರೋಬರ್ ಕಾರಣ ಬೇಕು. ಸುಮ್ಮಸುಮ್ಮನ ಸೀಲ್ ಹರದೀವಿ ಅಂತ ಆಗಬಾರದು."

"ಹೇಳ್ತೀನಿ."

ಅವನು ಚೀಲ ಹಿಡಿದು ಗೋಕುಲಪೇಠ ಬಾಜಾರಿಗೆ ಹೋದ. ಅಜ್ಜಿ ಒಳಗೆ ಜಪಕ್ಕೆ ಕೂತಿದ್ದರು. ಚಾರುಲತಾ ಗಚ್ಚಿಯ ಮೇಲಿನ ಸಂಡಿಗೆ ತಿರುವಿ ಕೆಳಗಿಳಿದಾಗ ಮಗಳು ನೆಲದ ಮೇಲೆ ಕೂತಿದ್ದಳು. ಕ್ಯಾಬಿನೆಟ್ಟಿನ ಒಂದು ಮಗ್ಗುಲು ಕಳಚಿತ್ತು. ಸ್ಕ್ರೂಗಳು ಕುಂಕುಮದ ಬಟ್ಟಲಿನ ಮುಚ್ಚಳದಲ್ಲಿದ್ದವು. ಧನಶ್ರೀ ಬೆನ್ನು ತೋರಿಸಿ ಕದಲದೆ ಕೂತಿದ್ದಳು. ಎಷ್ಟು ಹೊತ್ತಾದರೂ ಹಾಗೇ ಕೂತಿರುವುದನ್ನು ಕಂಡು ಚಾರುಲತಾಗೆ ಭಯವಾಯಿತು.

"ಸುಟ್ಟದೇನು?"

"ಇಲ್ಲ ಆಯಿ." ದನಿ ಸಣ್ಣಗಿತ್ತು. "ಸೈಕಲ್ ಪಂಪ್ ಎಲ್ಲದ?"

ಪಂಪ್ ಮಾಳಿಗೆ ಮೆಟ್ಟಿಲ ಕೆಳಗಿತ್ತು. ತಂದುಕೊಡುವಷ್ಟರಲ್ಲಿ ಗಂಗೂಬಾಯಿ ಜಪಮಾಲೆ ಹಿಡಿದೇ ಹಾಲ್‌ಗೆ ಬಂದರು.

"ಏನು ಸಿಕ್ತು ಧನೂ, ಅದರ ಹೊಟ್ಟ್ಯಾಗ?"

ಹುಡುಗಿಯ ಕೈ ಜೀನ್ಸಿನ ಜೇಬಿಗೆ ಹೋಯಿತು. "ಏನಿಲ್ಲ ಅಜ್ಜಿ. ಧೂಳು."

"ನಾಗಪುರದಾಗ ಮತ್ತೇನಿರ್ತದ," ಎಂದು ಅಜ್ಜಿ ಹೋಗಿ ಹತ್ತಿಯ ಬುಟ್ಟಿಯ ಮುಂದೆ ಕೂತರು.

ಧನಶ್ರೀ ಪಂಪಿನಿಂದ ಗಾಳಿ ಹೊಡೆದಳು, ಬಣ್ಣದ ಕುಂಚದಿಂದ ಒರೆಸಿದಳು, ಮಗ್ಗುಲನ್ನು ಮತ್ತೆ ಜೋಡಿಸಿದಳು. ಆಮೇಲೆ ಮೇಜನ್ನು ತನ್ನ ಕೋಣೆಯ ಕಡೆ ತಳ್ಳತೊಡಗಿದಳು.

"ಅದ್ಯಾಕ?" ಅಜ್ಜಿಯ ಮುಖ ಬಿಗಿಯಿತು. "ಕೂಲರ್ ಬಿಟ್ಟು ಆ ಒಲಿಯೊಳಗ ಯಾಕ ಹೊಂಟಿ? ನಾ ಗದ್ದಲ ಮಾಡ್ತೀನೇನು?"

"ನೀ ಅಲ್ಲ ಅಜ್ಜಿ. ಕೂಲರ್ ಗದ್ದಲ ಮಾಡ್ತದ. ಹುಡುಗ್ರು ಹೇಳೋದು ನನಗ ಕೇಳಸೂದಿಲ್ಲ."

"ಮೊನ್ನೆತನಕ ಕೇಳಸ್ತಿತ್ತು."

"ಈಗ ಮ್ಯಾಚ್ ದೊಡ್ಡದದ. ನೀ ಆರಾಮ್ ಕೂತು ಹೊಸಿ. ಜಾಗಾ ಎಲ್ಲಾ ನಿಂದ."

ಭಾನುವಾರ ನಸುಕಿನಲ್ಲಿ ಆ ಮನೆಯಲ್ಲಿ ಯಾರೂ ಮಲಗಿರಲಿಲ್ಲ, ಮಲಗಿದಂತೆ ನಟಿಸಲೂ ಇಲ್ಲ. ಲಕ್ಷ್ಮೀಕಾಂತ ಮಲಗುವ ಕೋಣೆಯ ಟೇಬಲ್ ಫ್ಯಾನ್ ಎತ್ತಿಕೊಂಡು ಹೋಗಿ ಮಗಳ ಕಡೆ ತಿರುಗಿಸಿಟ್ಟು ಬಂದು, ನಿನ್ನೆಯ ಪೇಪರ್ ಬಿಡಿಸಿದ. ಅಜ್ಜಿ ಸ್ನಾನ ಮಾಡಿ ಕೂತರು. ಚಾರುಲತಾ ಚಹಾ ಕುದಿಸುತ್ತ ಕಿವಿಯನ್ನು ಆ ಕೋಣೆಯಲ್ಲೇ ಇಟ್ಟಿದ್ದಳು. ಟಕ್ ಎಂಬ ಸದ್ದನ್ನು ಕಾಯುತ್ತಿದ್ದಳು. ಕಂಪ್ಯೂಟರಿನ ಫ್ಯಾನು ಒಂದೇ ಸಮನೆ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ಅದರ ಮೇಲೆ ಮಗಳ ದನಿ.

"ಅಮೇಯ, ಡಾವೀಕಡೇ. ಥಾಂಬ್. ಥಾಂಬ್ ಮ್ಹಣತೇ ನಾ. ಆತಾ ಚಲ್."

ಲಕ್ಷ್ಮೀಕಾಂತ ಪೇಪರ್ ಇಳಿಸಿದ. "ಎಡಕ್ಕ ಹೋಗು, ನಿಂದ್ರು, ಈಗ ನಡಿ ಅಂತ ಆ ಹುಡುಗಗ ಹೇಳೋವಾಕಿ ಇಕಿನೇನು?"

"ಹಂಗ ಕಾಣಸ್ತದ್ರಿ."

"ನಾಯಕ ಅಂವಲ್ಲ?"

"ನಾಯಕ ಅಂವನ. ಕೇಳೋದು ಇಕೀ ಮಾತು."

ಅವನು ಮತ್ತೆ ಪೇಪರ್ ಎತ್ತಿದ. ಬಹಳ ಹೊತ್ತು ಪುಟ ತಿರುವಲಿಲ್ಲ.

ಹಾಲಿನವನು ಬಂದು ಹೋದ. ಬಿಸಿಲು ಕಿಟಕಿಯ ಸರಳಿಗೆ ಬಂತು. ಕೋಣೆಯೊಳಗೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಧನಶ್ರೀ ಬಾಗಿಲಲ್ಲಿ ನಿಂತಳು. ಕುರ್ತಾ ಬೆನ್ನಿಗೆ ಅಂಟಿತ್ತು, ಕಿವಿಗಳು ಕೆಂಪಾಗಿದ್ದವು.

"ಪುಣೆಗೆ ಹೋಗೋದದ," ಎಂದಳು. "ಐದೂ ಮಂದಿ."

"ನೀ ಹಿಡಿದು ಐದೇನು?" ಎಂದು ಅಪ್ಪ ಕೇಳಿದ.

"ಮತ್ತ? ನಾ ಹಿಡಿದು."

ಗಂಗೂಬಾಯಿ ಮೊದಲು ದೇವರಿಗೆ ದೀಪ ಹಚ್ಚಿದರು, ಆಮೇಲೆ ಮೆಟ್ಟಿಲ ಬಳಿ ನಿಂತು ಕೆಳಗಿನ ಬೇಬಿಬಾಯಿಯನ್ನು ಕೂಗಿ ತಮ್ಮ ಅರ್ಧ ಕನ್ನಡದ ಮರಾಠಿಯಲ್ಲಿ, ನಮ್ಮ ಧನು ಗಂಡುಹುಡುಗರಿಗೆ ಲಡಾಯಿ ಕಲಿಸುತ್ತಾಳೆ ಎಂದು ಹೇಳಿದರು. ಮಧ್ಯಾಹ್ನ ಹೋಳಿಗೆ, ಸೀಕರಣಿ ಆಯಿತು. ಎರಡನೆಯ ಹೋಳಿಗೆ ಎಲೆಗೆ ಬಿದ್ದ ಮೇಲೆ ಲಕ್ಷ್ಮೀಕಾಂತ ಕೇಳಿದ.

"ಈಗ ಹೇಳು. ಏನಾಗಿತ್ತು ಅದಕ್ಕ?"

ಧನಶ್ರೀ ಎಲೆಯ ಮೇಲೆ ಬಗ್ಗಿ ಹೋಳಿಗೆ ಮುರಿದಳು. ಅಜ್ಜಿ ಅವಳ ಪಕ್ಕದಲ್ಲೇ ಕೂತಿದ್ದರು.

"ನಂದ ತಪ್ಪು ಅಪ್ಪಾ. ಬ್ಯಾಡಾದ್ದೆಲ್ಲಾ ತುಂಬಿದ್ದೆ. ಅದರಿಂದ ಗರಮ್ ಆಗ್ತಿತ್ತು. ತಗದು ಹಾಕಿದೆ."

"ನಾ ಹೇಳಿದ್ನಿಲ್ಲೋ?"

"ಹೂಂ. ನೀ ಹೇಳಿದ್ದ ಬರೋಬರ್ ಇತ್ತು."

"ಅಂದ್ರ ಸೀಲ್ ಹರಿಯೋದು ಬೇಕಾಗಿದ್ದಿಲ್ಲ."

"ಬೇಕಾಗಿದ್ದಿಲ್ಲ."

ಗೆದ್ದವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. "ಇರಲಿ, ಇರಲಿ. ಆಗ್ತದ," ಎಂದು ತಾನೇ ತುಪ್ಪದ ತಂಬಿಗೆ ಎತ್ತಿ ಮಗಳ ಹೋಳಿಗೆಯ ಮೇಲೆ ಸುರಿದ. ಚಾರುಲತಾಳ ಕೈಯ ಸೌಟು ಸೀಕರಣಿಯ ಪಾತ್ರೆಯಲ್ಲೇ ನಿಂತಿತ್ತು. ಮಗಳು ತಲೆ ಎತ್ತಲಿಲ್ಲ.

ಸೋಮವಾರ ಗಂಡ ಕಚೇರಿಗೆ ಹೋದ ಮೇಲೆ ಚಾರುಲತಾ ಬಟ್ಟೆ ನೆನೆಹಾಕಲು ಕೂತಳು. ಜೀನ್ಸಿನ ಜೇಬುಗಳನ್ನು ಹೊರಳಿಸುವುದು ಅವಳ ರೂಢಿ. ಒಂದು ಜೇಬಿನಲ್ಲಿ ಮೆತ್ತಗಿನದೇನೋ ಕೈಗೆ ಬಂತು. ಬಿಲ್ಲೆಯ ಹಾಗೆ ಒತ್ತಿ ಗಟ್ಟಿಯಾದ ಬೂದು ಬಣ್ಣದ ಮುದ್ದೆ. ಒಂದು ಮೈಯಲ್ಲಿ ಕಂಪ್ಯೂಟರಿನ ಫ್ಯಾನಿನ ದುಂಡು ಗುರುತು ಮೂಡಿತ್ತು, ಇನ್ನೊಂದು ಮೈಯಲ್ಲಿ ಸಾಲುಸಾಲು ಗೀರುಗಳು. ಧೂಳಾದರೆ ಪುಡಿಯಾಗಬೇಕಿತ್ತು. ಇದು ಪುಡಿಯಾಗಲಿಲ್ಲ. ಅಂಚು ಹಿಡಿದು ಎಳೆದರೆ ಎಳೆ ಬಂತು. ಒದ್ದೆ ಬೆರಳುಗಳ ನಡುವೆ ಹೊಸೆದಳು. ಬತ್ತಿಯಾಯಿತು.

ಅವಳು ಬಚ್ಚಲ ಬಾಗಿಲಿನಿಂದ ಹಾಲ್‌ನ ಕಡೆ ನೋಡಿದಳು. ಅತ್ತೆ ಕೂಲರಿನ ಮುಂದೆ ಕಾಲು ಚಾಚಿ ಕೂತು ಮೊಮ್ಮಗಳ ಹರಕೆಯ ಹತ್ತಿ ಹಿಂಜುತ್ತಿದ್ದರು. ನವಿರು ಗಾಳಿಯಲ್ಲಿ ಎದ್ದು, ಮೇಜು ಇದ್ದ ಖಾಲಿ ಜಾಗವನ್ನು ದಾಟಿ, ಗೋಡೆಗೆ ಹೋಗಿ ಅಂಟುತ್ತಿತ್ತು. ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಆ ಸೆಕೆಯಲ್ಲಿ ಧನಶ್ರೀಯ ಕೀಲಿಮಣೆ ಟಪಟಪ ಅನ್ನುತ್ತಿತ್ತು. ಹುಟ್ಟಿದಾಗಿನಿಂದ ಒಂದೂ ತಪ್ಪು ಒಪ್ಪದ ಹುಡುಗಿ ಕಡೆಗೂ ಒಪ್ಪಿಕೊಂಡಿದ್ದಳು. ಅದು ಅವಳ ತಪ್ಪಾಗಿರಲಿಲ್ಲ.

ಪುಣೆಯ ಸುದ್ದಿ ಕೇಳಿದಾಗಲೂ ಚಾರುಲತಾಗೆ ಎದೆ ಇಷ್ಟು ತುಂಬಿರಲಿಲ್ಲ.

"ಚಾರೂ, ಅಲ್ಲೇನು ನೋಡಕೋತ ನಿಂತೀ?"

"ಏನಿಲ್ರಿ ಅತ್ಯಾ."

"ಬೇಬಿಬಾಯಿಗೆ ಹೇಳು, ಹತ್ತಿ ಮುಗೀಲಿಕ್ಕೆ ಬಂತು. ಇನ್ನೊಂದು ಚೀಲ ಬೇಕು."

"ಹೇಳ್ತೀನ್ರಿ."

ಅವಳು ಬೂದು ಬತ್ತಿಯನ್ನು ತುಳಸಿ ಕುಂಡದ ಹಸಿ ಮಣ್ಣಿನೊಳಗೆ ಬೆರಳಿನಿಂದ ಒತ್ತಿದಳು. ಬೇಬಿಬಾಯಿಗೆ ಚೀಲದ ಮಾತು ಹೇಳಿದರಾಯಿತು. ಉಳಿದದ್ದನ್ನು ಗಂಡನಿಗಾಗಲಿ ಅತ್ತೆಗಾಗಲಿ ಹೇಳುವುದಿಲ್ಲ. ತನಗೆ ಗೊತ್ತಾಗಿದೆ ಎಂದು ಮಗಳಿಗೂ ಹೇಳುವುದಿಲ್ಲ. ಹಾಗೆಂದು ತೀರ್ಮಾನಿಸಿ, ಸೆರಗಿಗೆ ಕೈ ಒರೆಸಿಕೊಂಡು, ಮೆಟ್ಟಿಲಿಳಿದಳು.